ಸಹಿಸಿಕೊಳ್ಳೋದು, ಠಾಣೆಗೆ ಹೋಗೋದು: ಎರಡೇ ದಾರಿ ಅಲ್ಲ

ಮಾನ್ಯ ಸಂಪಾದಕರೇ,

ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಯಾವ ಸಭೆ ನಡೆದರೂ ಕೊನೆಗೆ ಒಂದು ಮಾತು ಬಂದೇ ಬರುತ್ತದೆ: ‘ಹೆದರದೆ ದೂರು ಕೊಡಿ’. ಹೇಳೋದು ಸುಲಭ. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳನ್ನು ನೋಡಿದವರಿಗೆ ಗೊತ್ತು, ಕೂಗಿದರೆ ಕೇಳಿಸಿಕೊಳ್ಳೋಕೆ ಅಲ್ಲಿ ಪಕ್ಕದ ಮನೆ ಅಂತ ಇರುವುದಿಲ್ಲ. ತೋಟ ದಾಟಬೇಕು, ಹಳ್ಳ ದಾಟಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಹೆಂಗಸರಿಗೆ ಬಸ್ ಪುಕ್ಕಟೆ ಅಂತಾರೆ. ನಮ್ಮ ಕಡೆ ಓಡೋದು ಜಾಸ್ತಿ ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ಯೋಜನೆ ನಡೆಯೋದಿಲ್ಲ. ಮೇಲೆ ಕಂಡಕ್ಟರ್ ಗುರುತಿನವರೇ. ಬೆಳಗಿನ ಬಸ್ಸಿಗೆ ಬಟ್ಟೆ ಚೀಲ ಹಿಡಿದು ಹತ್ತಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ನಾನು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಇಂಥ ವಿಷಯ ಸಂಘದ ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಬಾಯಿಗೆ ಬರೋದು ಕೊಯ್ಲಿನ ಕಾಲದಲ್ಲಿ, ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಅಡಿಕೆ ಸುಲಿಯೋಕೆ ಕೂತಾಗ. ಕಳೆದ ಕೊಯ್ಲಿನಲ್ಲಿ ಒಬ್ಬಳ ಮಣಿಕಟ್ಟು ಊದಿತ್ತು. ಕಾಯಿ ಹಿಡಿಯೋಕೇ ಆಗುತ್ತಿರಲಿಲ್ಲ. ‘ಬಚ್ಚಲಲ್ಲಿ ಜಾರಿದೆ’ ಅಂದಳು. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಾವು ಸುಲಿದದ್ದರಲ್ಲಿ ಎರಡು ಬೊಗಸೆ ತೆಗೆದು ಅವಳ ಡಬ್ಬಕ್ಕೆ ಸುರಿದರು, ಅವತ್ತಿನ ಕೂಲಿ ಕಮ್ಮಿ ಆಗಬಾರದು ಅಂತ. ಎಲ್ಲರೂ ಎದ್ದು ಹೋದ ಮೇಲೆ ಅವಳು ನನ್ನ ಹತ್ತಿರ ಹೇಳಿದ್ದಿಷ್ಟು: ‘ಅಕ್ಕಾ, ಅವರನ್ನ ಜೈಲಿಗೆ ಹಾಕ್ಸೋದು ಬೇಡ. ಹೊಡೆಯೋದು ನಿಂತರೆ ಸಾಕು.’

ಈ ಪತ್ರ ಬರೆಯುತ್ತಿರುವುದು ಆ ಮಾತಿಗಾಗಿ. ನಮ್ಮ ಹೆಂಗಸರಿಗೆ ಗೊತ್ತಿರೋದು ಎರಡೇ ದಾರಿ. ಸಹಿಸಿಕೊಂಡು ಇರೋದು, ಇಲ್ಲ ಠಾಣೆಗೆ ಹೋಗಿ ಗಂಡನ ಮೇಲೆ ಕೇಸ್ ಹಾಕೋದು. ಕೇಸ್ ಅಂದರೆ ಮನೆ ಒಡೆದ ಹಾಗೇ ಅಂತ ಲೆಕ್ಕ. ಹಾಗಾಗಿ ಮೊದಲನೆಯದನ್ನೇ ಹಿಡಿಯುತ್ತಾರೆ. ಅವಳು ಕೇಳಿದಳಲ್ಲ, ‘ಹೊಡೆಯೋದು ನಿಂತರೆ ಸಾಕು’ ಅಂತ, ಅದಕ್ಕೆಂದೇ ಒಂದು ಕಾಯ್ದೆ ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರದ್ದು. 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ.

ಈ ಕಾಯ್ದೆಯಲ್ಲಿ ಮೊದಲು ಹೋಗಬಹುದಾದದ್ದು ಸಂರಕ್ಷಣಾಧಿಕಾರಿ ಹತ್ತಿರ. ಅವರು ಯಾರು? ನಮ್ಮ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಗೆ ಮೇಲಧಿಕಾರಿ ಅಂತ ನಮಗೆಲ್ಲ ಗೊತ್ತಿರುವವರೇ. ಅವರು ನಡೆದದ್ದನ್ನು ಕೇಳಿ ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸಬೇಕು. ಅದರ ಪ್ರತಿ ಠಾಣೆಗೂ ಹೋಗುತ್ತದೆ. ಆದರೆ ಅಷ್ಟಕ್ಕೇ ಗಂಡನನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಹೊಡೆಯಬಾರದು, ಬೆದರಿಸಬಾರದು, ಮನೆಯಿಂದ ಹೊರಗೆ ಹಾಕಬಾರದು ಅಂತ ಕೋರ್ಟ್ ಆದೇಶ ಕೊಡಬಹುದು. ಹೊಡೆಯಬಾರದು, ಬೆದರಿಸಬಾರದು ಅನ್ನುವ ರಕ್ಷಣಾ ಆದೇಶ ಮೀರಿದರೆ ಆಗ ಅದು ಅಪರಾಧ. ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಕೋರ್ಟಿಗೆ ಅಲೆದವರು ಇದನ್ನು ಕೇಳಿದರೆ ನಗುತ್ತಾರೆ, ಗೊತ್ತು. ಆದರೂ ತುರ್ತಿದ್ದರೆ ಮಧ್ಯಂತರ ಆದೇಶಕ್ಕೆ ಅವಕಾಶ ಇದೆ.

ಇನ್ನೊಂದು ವಿಷಯ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಇಲ್ಲಿ ಮನೆ, ತೋಟ ಎಲ್ಲ ಮಾವನ ಹೆಸರಲ್ಲಿ ಇರುತ್ತದೆ. ‘ಇದು ನನ್ನ ಮಗನ ಮನೆಯೂ ಅಲ್ಲ, ನೀನು ಯಾವೂರ ದಾಸಯ್ಯ’ ಅಂತ ಸೊಸೆಯನ್ನು ಹೊರಗೆ ಕಳಿಸುವುದು ಹೊಸದೇನಲ್ಲ. ಮನೆ ಗಂಡನ ಹೆಸರಲ್ಲಿ ಇಲ್ಲದಿದ್ದರೂ, ಅವಳು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೋಟದಲ್ಲಿ ಪಾಲು ಸಿಗುತ್ತದೆ ಅಂತ ಇದರ ಅರ್ಥ ಅಲ್ಲ. ಇರೋಕೆ ಸೂರು, ಅಷ್ಟೇ. ತವರಿಗೆ ಬಂದು ಕೂತಿದ್ದರೆ ತವರಿನ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಸೊರಬದಿಂದ ತೀರ್ಥಹಳ್ಳಿಗೆ ಅಲೆಯಬೇಕಿಲ್ಲ.

ದೌರ್ಜನ್ಯ ಅಂದರೆ ಬರೀ ಹೊಡೆತ ಅಂದುಕೊಂಡವರೂ ಇದ್ದಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಡತಿಯ ಖಾತೆಗೆ ಬರುತ್ತದೆ, ಎಟಿಎಂ ಕಾರ್ಡ್ ಗಂಡನ ಜೇಬಲ್ಲಿ. ದುಡ್ಡು ಕಿತ್ತುಕೊಳ್ಳೋದು, ಖರ್ಚಿಗೆ ಕೊಡದೆ ಸತಾಯಿಸೋದು, ದಿನಾ ಬೈದು ಹೀಯಾಳಿಸೋದು, ಎಲ್ಲವೂ ಈ ಕಾಯ್ದೆಯೊಳಗೆ ಬರುತ್ತವೆ.

ವಕೀಲರ ಫೀಸಿಗೆ ಹೆದರುವವರಿಗೆ ಒಂದು ಮಾತು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬೇಕು, ಇಲ್ಲ 15100ಕ್ಕೆ ಫೋನ್ ಮಾಡಬೇಕು. ರಾತ್ರೋರಾತ್ರಿ ಮನೆ ಬಿಟ್ಟವರಿಗೆ ‘ಸಖಿ’ ಕೇಂದ್ರ ಇದೆ. ಚಿಕ್ಕ ಮಕ್ಕಳ ಜೊತೆ ಐದು ದಿನದವರೆಗೆ ಉಳಿಯಬಹುದು, ಆಸ್ಪತ್ರೆ, ಪೊಲೀಸ್, ವಕೀಲರು ಎಲ್ಲದಕ್ಕೂ ಅವರೇ ಜೊತೆಗಿರುತ್ತಾರೆ. 181ಕ್ಕೆ ಕರೆ ಮಾಡಿದರೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ಜೀವಕ್ಕೇ ಅಪಾಯ ಅನ್ನಿಸಿದಾಗ ಮಾತ್ರ ಇದ್ಯಾವುದನ್ನೂ ಯೋಚಿಸುತ್ತ ಕೂರಬಾರದು, ಮೊದಲು 112.

ಆಸ್ಪತ್ರೆಗೆ ಹೋದಾಗ ಬಚ್ಚಲ ಕಥೆ ಹೇಳಬೇಡಿ ಅಂತಲೂ ಕೈಮುಗಿದು ಕೇಳುತ್ತೇನೆ. ಡಾಕ್ಟರ್ ಹತ್ತಿರ ನಿಜ ಹೇಳಿದರೆ ಅದು ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರದ ಜೆರಾಕ್ಸ್ ನಂಬಿಕೆಯವರ ಮನೆಯಲ್ಲಿ ಇಟ್ಟಿರಲಿ. ನೋಡುತ್ತ ಕೂತ ನಾವೂ ಸುಮ್ನೆ ಇರಬೇಕಿಲ್ಲ. ಪಕ್ಕದ ಮನೆಯವರು, ಆಶಾ ಕಾರ್ಯಕರ್ತೆ, ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಹಾಕೋಕೆ ಬರುವುದಿಲ್ಲ. ಊರ ಹಿರಿಯರು ಕೂರಿಸಿ ರಾಜಿ ಮಾಡಿಸುತ್ತಾರಲ್ಲ, ಅವರಿಗೂ ಇದು ಗೊತ್ತಿರಲಿ. ‘ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ’ ಅಂತ ಅವಳಿಗೆ ಹೇಳಿ ಕಾಫಿ ಕುಡಿದು ಏಳುವ ರಾಜಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ ಅಂತ ಪ್ರತಿ ಅಂಗನವಾಡಿಯ ಗೋಡೆ ಮೇಲೆ, ಹಾಲಿನ ಡೈರಿಯಲ್ಲಿ, ರೇಷನ್ ಅಂಗಡಿಯಲ್ಲಿ ಬರೆಸಿ. ತಿಂಗಳಿಗೆ ಒಂದು ದಿನ ಹೋಬಳಿಗೆ ಬಂದು ಕೂರಲಿ. ಅಂಗನವಾಡಿಗೆ ಹೋಗಿ ಬರ್ತೀನಿ ಅಂದರೆ ಯಾವ ಮನೆಯಲ್ಲೂ ಯಾಕೆ ಅಂತ ಕೇಳುವುದಿಲ್ಲ.

ನಿಮ್ಮಲ್ಲೂ ಒಂದು ಕೋರಿಕೆ ಇದೆ. ಅಡಿಕೆ ಧಾರಣೆ ನೋಡದೆ ಪೇಪರ್ ಮಡಿಸುವ ಮನೆ ಮಲೆನಾಡಲ್ಲಿ ಇಲ್ಲ. ದಿನಾ ಅದರ ಕೆಳಗೆ 181, 112, 15100 ಈ ಮೂರು ನಂಬರಿಗೆ ಒಂದು ಸಾಲು ಜಾಗ ಕೊಡಿ. ಗಂಡಸರ ಕಣ್ಣಿಗೂ ಬೀಳುತ್ತದೆ. ಬೀಳಲಿ.

ನನ್ನ ಹೆಸರು, ಊರು ಹಾಕಬೇಡಿ. ಹಾಕಿದರೆ ಆ ಹೆಣ್ಣುಮಗಳು ಯಾರು ಅಂತ ಗೊತ್ತಾಗಿಬಿಡುತ್ತದೆ.

ಇಂತಿ,
ಸ್ತ್ರೀಶಕ್ತಿ ಸಂಘದ ಸದಸ್ಯೆ,
ಹೊಸನಗರ ತಾಲ್ಲೂಕು