ಟ್ರಂಕಿನ ಸೀರೆಗೂ ಒಂದು ಮ್ಯೂಸಿಯಂ ಬೇಕು

ಮಾನ್ಯ ಸಂಪಾದಕರೇ,

ನಮಸ್ಕಾರ. ನನ್ನ ಮಗಳು ಸ್ಕಾಟ್ಲೆಂಡಿನ ಡಂಡೀ ಎಂಬ ಊರಲ್ಲಿದ್ದಾಳೆ. 2023ರಲ್ಲಿ ಅವಳ ಮನೆಗೆ ಹೋಗಿದ್ದೆ. "ಅವ್ವಾ, ಹೊಳಿ ದಂಡಿಮ್ಯಾಲ ಹೊಸಾ ಮ್ಯೂಸಿಯಂ ಐತಿ, ಅರಿವಿ ಇಟ್ಟಾರ, ನೀ ನೋಡಬೇಕು" ಎಂದು ಕರೆದುಕೊಂಡು ಹೋದಳು.

ಡಂಡೀ ನಮ್ಮ ಬಾಗಲಕೋಟೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸುಮಾರು ಒಂದೂವರೆ ಲಕ್ಷ ಜನ. ಒಂದು ಕಾಲಕ್ಕೆ ಬಂಗಾಳದಿಂದ ಸೆಣಬು ತರಿಸಿ, ಗೋಣಿ ನೇಯ್ದು ಬದುಕಿದ ಊರು. ಆ ಗಿರಣಿಗಳು ಮುಚ್ಚಿದವು. 2018ರಲ್ಲಿ ಟೇ ನದಿಯ ದಂಡೆಗೆ ವಿ ಆ್ಯಂಡ್ ಎ ಎಂಬ ವಿನ್ಯಾಸದ ಮ್ಯೂಸಿಯಂ ತೆರೆದರು. ನಕ್ಷೆ ಜಪಾನಿನ ಕೆಂಗೊ ಕುಮಾ ಅವರದು. ಕಟ್ಟಡದ ನಡುವೆ ದೊಡ್ಡ ದಾರಿ ಬಿಟ್ಟಿದ್ದಾರೆ. ಊರ ಕಡೆ ನಿಂತರೆ ಅದರೊಳಗಿಂದ ನದಿ ಕಾಣುತ್ತದೆ.

ಕಾಯಂ ಇರುವ ಭಾಗಕ್ಕೆ ಟಿಕೆಟ್ ಇಲ್ಲ. ಬದಲಾಗುತ್ತಿರುವ ದೊಡ್ಡ ಪ್ರದರ್ಶನಕ್ಕೆ ಟಿಕೆಟ್ ಉಂಟು. ಆಗ ಇದ್ದದ್ದು ಟಾರ್ಟನ್, ಅಂದರೆ ಅವರ ಚೌಕಳಿ ಬಟ್ಟೆ. ಅದರಲ್ಲಿ ಒಂದು ಹರಕು ತುಂಡು. ಗ್ಲೆನ್ ಆಫ್ರಿಕ್ ಎಂಬಲ್ಲಿ ಜೌಗು ನೆಲದಲ್ಲಿ ಹೂತುಹೋಗಿದ್ದು ಸಿಕ್ಕಿತಂತೆ. 1500ರಿಂದ 1600ರ ನಡುವಿನದು. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಟಾರ್ಟನ್‌ಗಳಲ್ಲೇ ಹಳೆಯದು. ಬಣ್ಣ ಮಣ್ಣಿಗೆ ತಿರುಗಿದೆ. ನಮ್ಮ ಮನೆಯಲ್ಲಾದರೆ ಅದು ಒಲೆಕಟ್ಟೆ ಒರೆಸುವ ಅರಿವೆ ಆಗುತ್ತಿತ್ತು, ಅಲ್ವಾ?

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಜಾಸ್ತಿ ಹತ್ತಿತು. 'ನಿಮ್ಮ ಮನೆಯಲ್ಲಿರುವ ಟಾರ್ಟನ್ ಕೊಡಿ' ಎಂದು ಮ್ಯೂಸಿಯಂನವರು ಮೊದಲೇ ಜನರನ್ನು ಕೇಳಿದ್ದರು. ಜನ ಕೊಟ್ಟ ವಸ್ತುಗಳೂ ಅಲ್ಲಿದ್ದವು. ಅವುಗಳ ಮುಂದೆ ನಿಂತಾಗ ನನ್ನ ಅವ್ವನ ಟ್ರಂಕು ನೆನಪಾಯಿತು.

ನಾನು ಇಳಕಲ್ಲಿನ ನೇಕಾರರ ಮನೆಯವಳು. ಅಪ್ಪ ಗುಂಡಿ ಮಗ್ಗದಲ್ಲಿ ಕೂರುತ್ತಿದ್ದ. ಕೊಂಡಿ ಹಾಕುವುದು ಅವ್ವನ ಕೆಲಸ. ಇಳಕಲ್ ಸೀರೆಗೆ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಕಟ್ಟುವ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದು ಎಳೆ, ಸೆರಗಿನ ಒಂದು ಎಳೆ ಹಿಡಿದು, ಒಂದರೊಳಗೆ ಒಂದು ಕೊಂಡಿ ಮಾಡಿ ಸೇರಿಸಬೇಕು. ಹೀಗೆ ಸೀರೆಯ ಅಗಲಕ್ಕೂ. ಅವ್ವ ಮಾತಾಡುತ್ತಲೇ ಮಾಡುತ್ತಿದ್ದಳು, ಕಣ್ಣು ಮಾತ್ರ ಎಳೆಯ ಮೇಲೆ. ಈಗ ಪವರ್‌ಲೂಮ್ ಸೀರೆಯೇ ಜಾಸ್ತಿ. ಟೋಪ ತೆನಿ, ಅಂದರೆ ಗೋಪುರದಂಥ ಚಿತ್ತಾರದ ಸೆರಗಿನ ಹಳೆಯ ಸೀರೆಗಳನ್ನು ಹಾಕಿ ಸ್ಟೀಲ್ ಪಾತ್ರೆ ತಗೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ನಾನೂ ಎರಡು ಕೊಟ್ಟಿದ್ದೇನೆ. ಈಗ ಹೊಟ್ಟೆ ಉರಿಯುತ್ತದೆ.

ಮರುವರ್ಷ ಮತ್ತೆ ಹೋದಾಗ ಟಾರ್ಟನ್ ಹೋಗಿ ಜಪಾನಿನ ಕಿಮೊನೊ ಬಂದಿತ್ತು. ಬಟ್ಟೆಗೆ ಈ ಬದಲಾವಣೆ ಬೇಕೇ ಬೇಕು. ಬೆಳಕಿನಲ್ಲೇ ಇಟ್ಟರೆ ಬಣ್ಣ ಮಾಸುತ್ತದೆ, ರೇಷ್ಮೆ ಎಳೆ ಸೊರಗುತ್ತದೆ. ಅದಕ್ಕೇ ಮಂದ ಬೆಳಕು, ಕೆಲವೇ ತಿಂಗಳು, ಆಮೇಲೆ ಕತ್ತಲಲ್ಲಿ ವಿಶ್ರಾಂತಿ. ನೋಡುವವರಿಗೂ ಮತ್ತೆ ಬರಲು ಕಾರಣ ಸಿಗುತ್ತದೆ.

ನಮ್ಮಲ್ಲಿ ಮ್ಯೂಸಿಯಂ ಇಲ್ಲ ಎಂದಲ್ಲ. ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ದಂಡೆಗಿದೆ, ಐಹೊಳೆಯಲ್ಲಿದೆ, ವಿಜಯಪುರದ ಗೋಳಗುಮ್ಮಟದ ಮುಂದೆ 1892ರಿಂದ ಇದೆ. ಬಾದಾಮಿಯ ಲಜ್ಜಾಗೌರಿಯನ್ನು ನಾಲ್ಕು ಸಲ ನೋಡಿದ್ದೇನೆ, ಐದನೇ ಸಲವೂ ಹೋಗುವೆ. ಆದರೆ ಕಲ್ಲು ಕಾಯುತ್ತದೆ. ಬಟ್ಟೆ ಕಾಯುವುದಿಲ್ಲ.

ಬಾಗಲಕೋಟೆಯಲ್ಲಿ ಹಿನ್ನೀರಿನ ದಂಡೆಗೆ ಒಂದು ಹಾಲ್ ಆಗಲಿ ಎಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ. ಡಂಡೀಯಷ್ಟು ದೊಡ್ಡದು ಬೇಡ. ಧೂಳು, ಗೆದ್ದಲು, ಬಿಸಿಲು ಒಳಗೆ ಬರಬಾರದು, ಅಷ್ಟು ಸಾಕು. ಆರು ತಿಂಗಳಿಗೊಮ್ಮೆ ಒಳಗಿನದು ಬದಲಾಗಲಿ. ಮೊದಲು ಇಳಕಲ್ ಸೀರೆ, ಜೊತೆಗೆ ತೇರು, ಆನೆಹೆಜ್ಜೆ ನೇಯ್ದ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಮನೆಮನೆಯಿಂದ ಕೇಳಿ ತರಲಿ, ರಸೀದಿ ಕೊಡಲಿ, ಉಟ್ಟವರ ಹೆಸರು, ನೇಯ್ದವರ ಹೆಸರು ಬರೆಯಲಿ, ಮುಗಿದ ಮೇಲೆ ಮರಳಿ ಮುಟ್ಟಿಸಲಿ. ಆಮೇಲೆ ಹಳೆ ಬಾಗಲಕೋಟೆಯದೇ ಒಂದು ಪ್ರದರ್ಶನ ಆಗಬಹುದು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದವರ ಹತ್ತಿರ ಆ ಮನೆಗಳ ಫೋಟೊ, ಬಾಗಿಲು, ಬೀಗದಕೈ ಇನ್ನೂ ಇವೆ. ಆ ಬೀಗದಕೈ ಯಾವ ಓಣಿಯದು ಎಂದು ಹೇಳುವ ಹಿರಿಯರೂ ಇನ್ನೂ ಇದ್ದಾರೆ.

ಅವ್ವನ ಮದುವೆ ಸೀರೆ ಕೊಡಲು ನಾನು ತಯಾರು. ಕೊಂಡಿ ಹಾಕಿದ ಜಾಗ ಜನರಿಗೆ ಕಾಣುವಂತೆ ಸೆರಗು ಬಿಚ್ಚಿ ಇಡಬೇಕು.

ಇಂತಿ,
ನಿಮ್ಮ ಓದುಗಾರ್ತಿ
ನವನಗರ, ಬಾಗಲಕೋಟೆ