ಹುಳುಕಡ್ಡಿಗೆ ‘ಮಿಕ್ಸ್’ ಕ್ರೀಮ್ ಬೇಡ

ಮಾನ್ಯರೇ,

ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ತೊಡೆಸಂದಿಯ ಹುಳುಕಡ್ಡಿಯೂ ಶುರು. ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೊಂದು ಟ್ಯೂಬ್ ಕೊಡಿ’ ಎಂದರೆ ಎಷ್ಟೋ ಸಲ ಕೈಗೆ ಬರುವುದು ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರೂ ಬೆರೆತ ಕ್ರೀಮ್. ಸ್ಟೀರಾಯ್ಡ್ ತುರಿಕೆಯನ್ನು ಎರಡು-ಮೂರು ದಿನದಲ್ಲೇ ಅಡಗಿಸುತ್ತದೆ, ಜೊತೆಗೆ ಚರ್ಮದ ಪ್ರತಿರೋಧವನ್ನೂ. ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಉಂಗುರದಂಥ ಕಲೆಯ ಅಂಚು ಮಾಸಿ ವೈದ್ಯರಿಗೂ ಗುರುತು ಸಿಗುವುದು ಕಷ್ಟ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಸಂದಿಯಲ್ಲಿ ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಬೀಳುತ್ತವೆ. ಅವು ಪೂರ್ತಿ ಹೋಗುವುದಿಲ್ಲ.

ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಿಗಿಯಾಗಿದೆ. ಪಾಲನೆ ಹೇಗಿದೆ ಎಂಬುದು ಎಲ್ಲರಿಗೂ ಗೊತ್ತು! ವೈದ್ಯರು ಬರೆದುಕೊಟ್ಟರೂ ಹೇಳಿದಷ್ಟೇ ದಿನ, ತೆಳುವಾಗಿ ಹಚ್ಚಿ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಗಲಕ್ಕೆ ಸಾಕು. ಕಳೆದ ವರ್ಷದ ಟ್ಯೂಬನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬೇಡಿ. ಬರೀ ಶಿಲೀಂಧ್ರನಾಶಕ ಕೊಟ್ಟಿದ್ದರೆ ಕಲೆಯ ಅಂಚಿನಿಂದ 2 ಸೆಂ.ಮೀ. ಆಚೆಗೂ ಹಚ್ಚಿ, ಮಾಯವಾದಂತೆ ಕಂಡ ಮೇಲೂ ಎರಡು ವಾರ ಬಿಡಬೇಡಿ.

ತೋಟದಿಂದ ಬಂದವರು ಒದ್ದೆ ಚಡ್ಡಿಯಲ್ಲೇ ಕಾಫಿಗೆ ಕೂತರೆ ಯಾವ ಕ್ರೀಮೂ ನಾಟದು. ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ ನಿಜ; ಒಳಉಡುಪಿನ ಹೊಲಿಗೆಯ ಮೇಲಾದರೂ ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿ.

– ಓದುಗರು, ತೀರ್ಥಹಳ್ಳಿ