ಈ ವಾರದ ಅಭ್ಯಾಸ: ಮಾರ್ಕ್ ಬೋಲನ್‌ನ ಬಲಗೈ

ಎಲ್ಲ ಸದಸ್ಯರ ಗಮನಕ್ಕೆ,

ಈ ವಾರ ಗಿಟಾರಿನಲ್ಲಿ ಬ್ರಿಟಿಷ್ ರಾಕ್ ತಂಡ ಟಿ. ರೆಕ್ಸ್‌ನ ‘ಗೆಟ್ ಇಟ್ ಆನ್’ (1971). ಅದರ ಗಾಯಕ, ಗಿಟಾರ್ ವಾದಕ ಬೋಲನ್ ಅಂದರೆ ಮುಖದ ಮಿನುಗು, ಗುಂಗುರು ಕೂದಲು ಅಷ್ಟೇ ನೆನಪಾಗುತ್ತದೆ. ಗಿಟಾರಿನ ಮಾತು ಯಾರೂ ಎತ್ತುವುದಿಲ್ಲ. ಇದು ಅನ್ಯಾಯ. ಶುರುವಿನಲ್ಲಿ ಅವನದು ಅಕೌಸ್ಟಿಕ್ ಗಿಟಾರ್, ಬಾಂಗೋ (ಕೈಯಿಂದ ಬಾರಿಸುವ ಜೋಡಿ ಡ್ರಮ್) ನೆಚ್ಚಿಕೊಂಡ ಇಬ್ಬರ ತಂಡ. ತಾಳ, ಬೇಸ್ ಎರಡನ್ನೂ ಅವನ ಬಲಗೈಯೇ ಹೊರಬೇಕಿತ್ತು. ಲೆಸ್ ಪಾಲ್ ಎಂಬ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಮೇಲೂ ಆ ಕೈ ಬದಲಾಗಲಿಲ್ಲ.

ರಿಫ್‌ನ (ಹಾಡಿನುದ್ದಕ್ಕೂ ಮರುಕಳಿಸುವ ಗಿಟಾರ್ ತುಣುಕು) ಬುನಾದಿ ಹೀಗೆ: ಆರನೇ ತಂತಿ ಖಾಲಿ, ಐದನೇ ತಂತಿಯ 2ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲೆ ತೋರುಬೆರಳು, ಎರಡು ಸಲ ಮೀಟಿ. ತೋರುಬೆರಳು ಎತ್ತದೆ ಉಂಗುರ ಬೆರಳನ್ನು 4ನೇ ಫ್ರೆಟ್‌ಗೆ ಒತ್ತಿ ಮತ್ತೆರಡು ಸಲ. ಎಲ್ಲವೂ ಮೇಲಿಂದ ಕೆಳಕ್ಕೇ. ಪಲ್ಲವಿಗೆ ಜಿ, ಎ, ಇ ಕಾರ್ಡ್‌ಗಳು.

ಹೆಚ್ಚಿನವರು ಎಡವುವುದು ಬಲ ಅಂಗೈಯಲ್ಲಿ. ಅದರ ಅಂಚು ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿಗಳನ್ನು ಹೊತ್ತ ಪಟ್ಟಿ) ಮೇಲೇ ಇರಬೇಕು. ಒಂದಿಂಚು ಮುಂದೆ ಸರಿದರೂ ಸ್ವರ ಸತ್ತು ಬರೀ ‘ಟಕ್ ಟಕ್’ ಕೇಳುತ್ತದೆ. ನಾಲ್ಕನೇ ತಂತಿ ಗುಂಯ್‌ಗುಟ್ಟಿದರೆ ತೋರುಬೆರಳಿನ ಒಳಬದಿಯನ್ನು ಅದಕ್ಕೆ ತಾಗಿಸಿ. ಆಂಪ್ಲಿಫೈಯರಿನ ಗೇನ್ (ಸ್ವರದ ಒರಟುತನ ಹೆಚ್ಚಿಸುವ ಗುಂಡಿ) 3-4 ಸಾಕು, ಅದಕ್ಕಿಂತ ಏರಿಸಿದರೆ 4ನೇ ಫ್ರೆಟ್‌ನ ಸ್ವರ ಕಲಸಿಹೋಗುತ್ತದೆ.

ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ನಿಮಿಷಕ್ಕೆ 90 ಬಡಿತಕ್ಕೆ ಇಟ್ಟು ಶುರುಮಾಡಿ, ಸುಮಾರು 125ಕ್ಕೆ ಏರಿಸಿ. ಓಡಬೇಡಿ ದಯವಿಟ್ಟು, ಈ ಹಾಡಿನ ಸೊಗಸೆಲ್ಲ ಆ ತಡೆದ ನಡಿಗೆಯಲ್ಲೇ ಇದೆ.

ಭಾನುವಾರದೊಳಗೆ 30 ಸೆಕೆಂಡಿನ ಆಡಿಯೊ ಇಲ್ಲಿಗೇ ಹಾಕಿ, ಎಫೆಕ್ಟ್ ಬೇಡ.